ಚಾಣದ ಪಂಜರ

ಹಕ್ಕಿ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಅಪ್ಪ ಮಲಗಿದ್ದ. ಇಡೀ ಜೀವಮಾನ ಅಲ್ಲೇ ಹಕ್ಕಿ ನೋಡಿಕೊಂಡವನಿಗೆ ಈಗ ಲಕ್ವ ಹೊಡೆದು ಮೈಯ ಬಲಭಾಗ ಬಿದ್ದುಹೋಗಿತ್ತು. ಊಟವೆಂದರೆ ಮುಖ ತಿರುಗಿಸುವ ಹಟಮಾರಿ ಮುದುಕ. ಮಗಳು ರೆಕ್ಕೆ ಕಳೆದುಕೊಂಡ ಚಾಣವೆಂಬ ಬೇಟೆಹಕ್ಕಿಯನ್ನು ತಂದು ಮಂಚದ ಸರಳಿನ ಮೇಲೆ ಕೂರಿಸಿದರೆ ಮಾತ್ರ ಬಾಯಿ ತೆರೆಯುತ್ತಿದ್ದ. ಅದಕ್ಕೆ ಯಜಮಾನ ಅಂತ ಹೆಸರು. ಯಜಮಾನ ಒಂದು ತುಂಡು ಮಾಂಸ ನುಂಗಿದರೆ ಅಪ್ಪ ಒಂದು ಚಮಚ ಗಂಜಿ ನುಂಗುತ್ತಿದ್ದ. ಹಾಗೇ ದಿನ ತಳ್ಳುತ್ತಿದ್ದರು.

ಮರಿಗಳ ಕಾಲ ಬಂತೆಂದರೆ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲ. ಅಂಥದ್ದರಲ್ಲಿ ಒಂದು ಸಂಜೆ ಗಾಜು ಒರೆಸುವವನೊಬ್ಬ ರಟ್ಟಿನ ಪೆಟ್ಟಿಗೆ ಹೊತ್ತು ಬಂದ.

"ಅಕ್ಕಾ, ಕಿಟಕಿಗೆ ಬಂದು ಧಡ್ ಅಂತ ಹೊಡ್ಕೊಳ್ತು. ಹದ್ದೋ ಗಿಡುಗಾನೋ ಯಾರಿಗ್ ಗೊತ್ತು. ಎತ್ಕೊಂಡಿದ್ದಕ್ಕೆ ಕೈಯೆಲ್ಲಾ ಪರಚಿದೆ ನೋಡಿ."

"ಥ್ಯಾಂಕ್ಸ್ ಹೇಳೋದು ಹಾಗೇನೇ ಅದು," ಅಂದಳು ಅಪ್ಪನ ಕೆಲಸ ವಹಿಸಿಕೊಂಡಿದ್ದ ಮಗಳು.

ಡಾಕ್ಟರು ಮುರಿದ ರೆಕ್ಕೆಯನ್ನು ಮೈಗೆ ಸೇರಿಸಿ ಪಟ್ಟಿ ಸುತ್ತಿ, ಯಾವ ಹಕ್ಕಿ ಅಂತ ಹೇಳದೆಯೇ ಮನೆಗೆ ಹೋದರು. ಎಲ್ಲಿಡುವುದು ಎಂಬ ತಲೆನೋವು ಅವಳದ್ದು.

ಹೊರಗಿನವರಿಗೆ ಕೊಕ್ಕು ಬಾಗಿದ್ದೆಲ್ಲ ಒಂದೇ. ಆದರೆ ಗಿಡುಗದ ಮನೆತನ ಬೇರೆ, ಚಾಣದ್ದು ಬೇರೆ. ಹದ್ದು ಗಿಡುಗಕ್ಕೆ ದಾಯಾದಿ. ಚಾಣವೋ, ಗಿಣಿಗೆ ಹತ್ತಿರದ ನೆಂಟ ಅಂತ ಈಚೆಗೆ ಕಂಡುಹಿಡಿದಿದ್ದಾರೆ! ಚಾಣ ಕೊಕ್ಕಿನಿಂದ ಕಚ್ಚಿ ಕೊಲ್ಲುತ್ತದೆ, ಗಿಡುಗ ಕಾಲಲ್ಲಿ ಹಿಸುಕಿ. ಸಣ್ಣ ಚಾಣಗಳು ಒಂದೇ ಪಂಜರದಲ್ಲಿ ಹೇಗೋ ಹೊಂದಿಕೊಳ್ಳುತ್ತವೆ. ಗಿಡುಗವನ್ನು ಮಾತ್ರ ಒಂಟಿಯಾಗಿಯೇ ಇಡಬೇಕು. ಪಕ್ಕದಲ್ಲಿರುವುದು ಅದಕ್ಕೆ ಊಟ, ಅಷ್ಟೇ.

ಖಾಲಿ ಮೂಲೆ ಇದ್ದದ್ದು ಯಜಮಾನನ ಪಂಜರದಲ್ಲಿ ಮಾತ್ರ. ಹಾಗಾಗಿ ಗುರುತು ಹಿಡಿಯಲೇಬೇಕಿತ್ತು. ಎಳೆಯ ಹಕ್ಕಿ, ಎದೆ ತುಂಬ ಕಂದು ಗೆರೆ; ಎರಡು ಜಾತಿಗೂ ಒಪ್ಪುವ ವೇಷ. ರೆಕ್ಕೆಯ ಆಕಾರ ನೋಡೋಣವೆಂದರೆ ಎರಡೂ ಪಟ್ಟಿಯೊಳಗೆ. ಅಪ್ಪನಿಗೆ ತೋರಿಸೋಣವೆಂದರೆ ಅವನಿಗಾಗಲೇ ನಿದ್ದೆ ಹತ್ತಿತ್ತು. ಅವನು ಕಲಿಸಿದ್ದು ಒಂದೇ ಪಾಠ: ಕಣ್ಣು ಕಪ್ಪಾದರೆ ಚಾಣ, ಹಳದಿಯಾದರೆ ಗಿಡುಗ. ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದಕ್ಕೆ ದೀಪ ಹಿಡಿದಳು. ಕಪ್ಪಗಿತ್ತು. ಸದ್ಯ, ಚಾಣವೇ ಅಂದುಕೊಂಡು ಹಕ್ಕಿಯನ್ನು ಯಜಮಾನನ ಜೊತೆ ಬಿಟ್ಟಳು.

ಬೆಳಿಗ್ಗೆ ಪಂಜರದ ಬಾಗಿಲು ತೆಗೆದಳು. ನೆಲದ ತುಂಬ ಪುಕ್ಕ. ಹೊಸ ಹಕ್ಕಿ ಯಜಮಾನನ ಮೇಲೆ ನಿಂತು ಹಾಯಾಗಿ ಕಿತ್ತು ತಿನ್ನುತ್ತಿತ್ತು. ಮುಚ್ಚಿದ್ದ ಕಣ್ಣು ಈಗ ತೆರೆದಿತ್ತು. ಹಳದಿ, ಅಚ್ಚ ಹಳದಿ. ಅವಳು ನೋಡಿದ್ದ ಕಣ್ಣಿನಲ್ಲಿ ಪೆಟ್ಟಿನ ರಕ್ತ ಕಟ್ಟಿಕೊಂಡಿತ್ತು. ಅಯ್ಯೋ, ನನ್ನ ಕೈ ಸೇದಿಹೋಗ ಅಂತ ತನ್ನನ್ನೇ ಶಪಿಸಿಕೊಂಡಳು.

ಹಾರಿಹೋಯಿತು ಅಂತ ಸುಳ್ಳು ಹೇಳೋಣವೆಂದರೆ ರೆಕ್ಕೆಯೇ ಇಲ್ಲದ ಹಕ್ಕಿ. ಗಂಜಿ ಬಟ್ಟಲು ಮಾತ್ರ ಹಿಡಿದು ಅಪ್ಪನ ಕೋಣೆಗೆ ಹೋದಳು.

"ಯಜಮಾನ ಎಲ್ಲೇ?"

"ಹೋಗ್ಬಿಟ್ಟ ಅಪ್ಪಾ."

ಅಪ್ಪ ಅವಳ ಮುಖವನ್ನೇ ನೋಡಿದ. "ಜೊತೇಲಿ ಗಿಡುಗ ಇಟ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಬೈಯಲಿಲ್ಲ.

"ಕಣ್ಣು ನೋಡ್ಲಿಲ್ವೇನೇ?"

ತಪ್ಪು ತನ್ನ ತಲೆಗೆ ಬರಬಾರದೆಂಬ ಆತುರಕ್ಕೆ ಅವಳ ಬಾಯಿ ಜಾರಿತು. "ನಿನ್ನಾಣೆಗೂ ನೋಡ್ದೆ ಅಪ್ಪಾ! ಕಪ್ಪಗಿತ್ತು. ನೀನ್ ಹೇಳ್ಕೊಟ್ಟ ಹಾಗೇ ಮಾಡ್ದೆ."

ಅಪ್ಪ ಮಂಚದ ಖಾಲಿ ಸರಳಿನ ಕಡೆ ಮುಖ ತಿರುಗಿಸಿದ.

"ಹಾಗಾದ್ರೆ ನಾನೇ ಕೊಂದೆ ಬಿಡು."

ತಾನೇನು ಆಡಿದೆನೆಂದು ಆಗ ಅವಳಿಗೆ ಹೊಳೆಯಿತು. "ಇಲ್ಲಪ್ಪಾ, ಇಲ್ಲ! ಕೊಕ್ಕಿನ ಅಂಚಲ್ಲಿ ಹಲ್ಲಿನ ಥರ ಮೊನೆ ಇದ್ರೆ ಚಾಣ, ಅದನ್ನೂ ನೋಡು ಅಂತ ಹೇಳಿದ್ದೆ ನೀನು. ನಾನೇ ನೋಡ್ಲಿಲ್ಲ, ದರಿದ್ರದವಳು."

"ಹೇಳಿರ್ಲಿಲ್ಲ," ಅಂದ ಅಪ್ಪ.

ಅವಳು ಚಮಚವನ್ನು ಅವನ ತುಟಿಯ ಹತ್ತಿರ ಹಿಡಿದಳು. ಕೈ ಸೋಲುವ ತನಕ ಹಿಡಿದೇ ಇದ್ದಳು. ಅವನು ಬಾಯಿ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ.