ಸಾವಿರ ಒಂಟೆಯ ಕಾಲು

ಮುತ್ಲಕನ ಮುರಿದ ಕಾಲಿನ ರಾಜಿಗೆ ಆ ದಿನ ಎಷ್ಟು ಜನ ಬಂದಿದ್ದರೆಂದರೆ, ಗುಡಾರದ ಹೊರಗೆ ಅವರು ಬಿಟ್ಟ ಚಪ್ಪಲಿಗಳ ಗುಡ್ಡ ದೂರದ ಮಫ್ರಕ್ ಪೇಟೆಗೂ ಕಾಣುತ್ತಿತ್ತು. ಎಂಟು ತಿಂಗಳಲ್ಲಿ ಇದು ಮೂರನೆಯ ಸಲ. ಹಿಂದಿನ ಎರಡೂ ಸಲ ಮುತ್ಲಕ್ ಒಪ್ಪಿರಲಿಲ್ಲ, ಯಾಕೆಂದು ಯಾರೂ ಕೇಳಿರಲಿಲ್ಲ. ಮೂಲೆಯಲ್ಲಿ ಊರುಗೋಲು ಹಿಡಿದು ಕೂತಿದ್ದ ಮುತ್ಲಕನಿಗೆ ಮೂಗಿನ ಮೇಲಿನ ನೊಣ ಓಡಿಸುವಷ್ಟೂ ತ್ರಾಣ ಉಳಿದಿರಲಿಲ್ಲ.

ನೀರಿನ ಟ್ಯಾಂಕರನ್ನು ಅವನ ಕಾಲ ಮೇಲೆ ಹಿಮ್ಮುಖವಾಗಿ ಹತ್ತಿಸಿದ್ದ ನವ್ವಾಫ್ ಬಾಗಿಲ ಬಳಿ ತಲೆ ತಗ್ಗಿಸಿದ್ದ. ಮುತ್ಲಕ್ ದಾರಿಯಲ್ಲೇ ನಿದ್ದೆ ಹೊಡೆಯುತ್ತಿದ್ದನೆಂದು ಊರೆಲ್ಲ ಸಾರಿದವನೂ ಅವನೇ. ಕಾಲಿಗಿಂತ ಆ ಮಾತು ಹೆಚ್ಚು ನೋಯುತ್ತಿತ್ತು.

ನವ್ವಾಫನ ಕಡೆಯ ಹಿರಿಯನ ಮುಂದೆ ಕಾಫಿ ಇಟ್ಟರು. ಸತ್ತ ಒಂಟೆ ಎದ್ದು ಓಡುವಷ್ಟು ಕಹಿ. ಆತ ಮುಟ್ಟಲಿಲ್ಲ, ರಾಜಿಯಾಗದೆ ಕುಡಿಯುವಂತಿರಲಿಲ್ಲ.

"ತಪ್ಪು ನಮ್ಮೋರದ್ದು. ಏನ್ ಬೇಕೋ ಕೇಳಿ, ಆಮೇಲೆ ಕುಡೀತೀನಿ."

ಮುತ್ಲಕನ ಚಿಕ್ಕಪ್ಪ ದುಗೈಂ ಗಡ್ಡ ನೀವಿಕೊಂಡ. ನೀವಿ ಮುಗಿಯುವಷ್ಟರಲ್ಲಿ ಮೇಕೆಯೊಂದು ಗಬ್ಬವಾಗಿ ಮರಿ ಹಾಕಬಹುದಿತ್ತು.

"ಸಾವಿರ ಒಂಟೆ! ಎಲ್ಲಾ ಬಿಳೀವೇ ಆಗ್ಬೇಕು!"

ಯಾರೂ ಬೆಚ್ಚಲಿಲ್ಲ. ಮುಂದಿನದು ಎಲ್ಲರಿಗೂ ಗೊತ್ತಿತ್ತು.

"ದೇವರ ಹೆಸರಲ್ಲಿ ಮುನ್ನೂರು ಬಿಟ್ಟೆ. ನಿಮ್ಮ ಗಡ್ಡದ ಗೌರವಕ್ಕೆ ಮುನ್ನೂರು. ಬಂದ ಅತಿಥಿಗಳಿಗೋಸ್ಕರ ಉಳಿದಿದ್ದೆಲ್ಲಾ! ಒಂದು ಕುರಿ ಕೊಡಿ ಸಾಕು. ಕುಡೀರಿ."

"ಆಹಾ, ಎಂಥಾ ದೊಡ್ಡ ಮನಸ್ಸು!" ಎಂದು ಗುಡಾರ ಹಾರಿಹೋಗುವ ಹಾಗೆ ಎಲ್ಲರೂ ಕೂಗಿದರು. ಹಿರಿಯ ಬಟ್ಟಲಿಗೆ ಕೈ ಚಾಚಿದ. ಮುತ್ಲಕನ ಊರುಗೋಲು ಅಡ್ಡ ಬಂತು.

"ತಡೀರಿ, ಯಜಮಾನ್ರೇ."

"ಲೋ, ಜನದ ಮುಂದೆ ನನ್ನ ಮಾನ ಕಳೀಬೇಡ್ವೋ!" ಎಂದ ದುಗೈಂ.

"ಹೊಗಳಿಕೆ ನಿಮ್ಗೆ ಬಂತು ಚಿಕ್ಕಪ್ಪ, ಮುರಿದಿದ್ದು ನನ್ ಕಾಲು. ಒಂಟೆ ಎಲ್ಲಾ ಬಿಟ್ಕೊಡಿ, ಬೇಜಾರಿಲ್ಲ. ನಾನವತ್ತು ಮಲಗಿದ್ನಾ? ಅದನ್ನ ಅವನು ಹೇಳ್ಲಿ."

ಕಾಫಿ ತಣ್ಣಗಾಯಿತು. ಚಪ್ಪಲಿಗಳ ಗುಡ್ಡವೂ ಉಸಿರು ಹಿಡಿದು ಕಾದು ಕೂತಿತು.

"ಮಲಗಿರ್ಲಿಲ್ಲ," ಎಂದ ನವ್ವಾಫ್, ನೆಲ ನೋಡುತ್ತ. "ಕೂಗ್ದ. ನಾನು ಫೋನಲ್ಲಿದ್ದೆ."

ಮುತ್ಲಕ್ ಊರುಗೋಲು ಹಿಂದಕ್ಕೆಳೆದುಕೊಂಡ. ಹಿಗ್ಗೇನೂ ಆಗಲಿಲ್ಲ. ಮಂಡಿ ಮೊದಲಿನಂತೆಯೇ ಸಿಡಿಯುತ್ತಿತ್ತು. ಆದರೆ ಎಂಟು ತಿಂಗಳಲ್ಲಿ ಮೊದಲ ಸಲ ಅವನಿಗೆ ನಿಜವಾಗಿಯೂ ನಿದ್ದೆ ಒತ್ತರಿಸಿಕೊಂಡು ಬಂತು.

"ಇಷ್ಟಕ್ಕೇನೋ ಮೂರು ಸಲ ಕಾಫಿ ಕಾಯಿಸಿದ್ದು?" ಎಂದು ಗೊಣಗಿದ ದುಗೈಂ.

"ಮೊದಲ್ನೇ ಸಲಾನೇ ನನ್ನ ಕೇಳಿದ್ರೆ ಹೇಳ್ತಿದ್ದೆ," ಎಂದ ಮುತ್ಲಕ್, ಕಣ್ಣು ಮುಚ್ಚುತ್ತ. "ಕುರಿ ಮಾತ್ರ ಬಿಡಲ್ಲ."