ಅವ್ವನ ಜಳಕ

ಅರ್ಧ ಬುಟ್ಟಿ ಮೆಣಸಿನಕಾಯಿ ಸೀಳಿ ಮುಗಿಯುವ ಹೊತ್ತಿಗೆ ಫೋನು ಬಂತು. ದಿಲ್ಶಾದ ಚಾಕು ಕೆಳಗಿಡದೆ, ಮೊಣಕೈಯಿಂದಲೇ ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದಳು. ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಕಾಸರಗೋಡಿನ ಆ ಒಂದು ಕೋಣೆಯ ಮನೆಯಲ್ಲಿ ದಿನವೂ ಬೆಳಗು ಹೀಗೆಯೇ: ಗಂಡ ಹುಸೇನಸಾಬ ಫಜರ್ ನಮಾಜಿಗೆ ಹೋಗುವುದು, ಅವಳು ಸಂಜೆಯ ಮಿರ್ಚಿ ಗಾಡಿಗೆ ಕಾಯಿ ಸೀಳಿ ಉಪ್ಪು, ಜೀರಿಗೆ ತುಂಬಿಡುವುದು.

ಸವಣೂರಿನಿಂದ ತಮ್ಮ ಅತೀಕ. "ಆಪಾ, ಅವ್ವ ಹೋದಳು. ನಿದ್ದಿಯೊಳಗ."

ಅವಳಿಗೆ ಅಳು ಬಂದದ್ದು ಆಮೇಲೆ. ಮೊದಲು ಬಾಯಿಗೆ ಬಂದದ್ದು ಒಂದೇ ಮಾತು. "ಜಳಕ ಮಾಡಿಸಬ್ಯಾಡ್ರಿ. ನಾ ಬರತನ ಕಾಯ್ರಿ."

"ಸಂಜಿಮುಂದ ಅಸರ್ ನಮಾಜಿಗೆ ಎತ್ತತೇವಿ ಆಪಾ. ಅದಕ್ಕಿಂತ ಮೊದಲ ಬಂದಿ ಅಂದ್ರ ನೀನ ಮಾಡಿಸು."

ಅವ್ವ ಜನ್ನತಬಿ ಸವಣೂರಿನಲ್ಲಿ ಹೆಣ್ಣುಮಕ್ಕಳ ಮಯ್ಯತ್ತಿಗೆ ಜಳಕ ಮಾಡಿಸುವವಳು. ಯಾರ ಮನೆಯಲ್ಲಿ ಹೆಣ್ಣುಜೀವ ಹೋದರೂ ಅವಳಿಗೆ ಕರೆ ಬರುತ್ತಿತ್ತು. ಬಾರಿ ಹಣ್ಣಿನ ಗಿಡದ ಎಲೆ ಹಾಕಿ ಕಾಸಿದ ನೀರನ್ನು ಮೊದಲು ತನ್ನ ಮಣಿಕಟ್ಟಿನ ಮೇಲೆ ಸುರಿದುಕೊಂಡು ನೋಡುವಳು. ಆಮೇಲೆ ತಾಮ್ರದ ತಂಬಿಗೆ ಎತ್ತಿ, ಮಲಗಿದವಳ ಜೊತೆ ಮಾತಿಗಿಳಿಯುವಳು. "ತಲಿ ಎತ್ತತೇನಿ ನನ್ನವ್ವಾ... ಈಗ ಎಡಮಗ್ಗಲು ಹೊಳ್ಳು... ಆತು, ಆತು, ಇನ್ನೊಂದೀಟು." ಚಿಕ್ಕವಳಿದ್ದಾಗ ದಿಲ್ಶಾದ ಪರದೆಯ ಹಿಂದೆ ನೀರು ಹಿಡಿದು ನಿಂತು ಅದನ್ನೆಲ್ಲ ಕೇಳಿದ್ದಳು. ಹೋದ ರಮಜಾನಿನಲ್ಲಿ ತವರಿಗೆ ಹೋದಾಗ ಅವ್ವ ಅಂದಿದ್ದಳು: "ನನಗ ಮಾತ್ರ ನೀನ ಮಾಡಸ್ಬೇಕು ನೋಡು. ಉಳದಾರು ಬರೇ ನೀರು ಸುರೀತಾರ. ಮಾತಾಡಂಗಿಲ್ಲ."

"ನಿನ್ನ ಕಿವಿ ಈಗ ಕೇಳಂಗಿಲ್ಲ, ಆಗೇನು ಕೇಳ್ತಾವ?" ಎಂದು ದಿಲ್ಶಾದ ನಕ್ಕಿದ್ದಳು. ಅವ್ವನೂ ನಕ್ಕು, "ಅದಕ್ಕ ಜೋರಾಗಿ ಮಾತಾಡು" ಎಂದಿದ್ದಳು.

ಬಸ್ಸು ಹಿಡಿದರೆ ಎಲ್ಲೆಲ್ಲೋ ಕಾಯಬೇಕೆಂದು ಹುಸೇನಸಾಬ ಮಿರ್ಚಿ ಸಾಮಾನು ಸಾಗಿಸುವ ಸಣ್ಣ ಗೂಡ್ಸ್ ಗಾಡಿಯನ್ನೇ ಹೊರಡಿಸಿದ. ಹಿಂದೆ ಖಾಲಿ ಎಣ್ಣೆ ಡಬ್ಬಿಗಳು ಲೊಡಲೊಡ ಅನ್ನುತ್ತಿದ್ದವು. ಮಂಗಳೂರು ದಾಟುವಾಗ ಅಳು ಒತ್ತರಿಸಿ ಬಂತು. ಕಣ್ಣೊರೆಸಿಕೊಂಡಳು, ಕಣ್ಣು ಬೆಂಕಿಯಾಯಿತು. ಕೈಯ ಖಾರ ಹೋಗಿರಲಿಲ್ಲ. ಕುಂದಾಪುರದಲ್ಲಿ ಒಂದು ಸಣ್ಣ ಕೊಬ್ಬರಿ ಎಣ್ಣೆ ಶೀಶೆ ತರಿಸಿಕೊಂಡು ದಾರಿಯುದ್ದ ಬೆರಳುಗಳನ್ನು ಉಜ್ಜುತ್ತ ಕುಳಿತಳು. ಈ ಕೈಯಲ್ಲಿ ಅವ್ವನ ಮುಖ ತೊಳೆಯುವುದು ಹೇಗೆ?

"ಜರಾ ಜೋರು ಓಡಸ್ರೀ."

"ಇದಕ್ಕ ರೆಕ್ಕಿ ಅದಾವೇನು? ಇದ್ದಷ್ಟ ಓಡತೈತಿ."

ಓಡುವುದು ಗಾಡಿ, ಓಡಿಸುವವನು ಅವನು. ತುಳಿಯಲು ಅವಳ ಕಾಲಡಿ ಏನೂ ಇರಲಿಲ್ಲ. ಆದರೂ ಮುಂದೆ ಲಾರಿ ಬಂದಾಗಲೆಲ್ಲ ಅವಳ ಬಲಗಾಲು ತಾನಾಗಿಯೇ ತಗಡಿಗೆ ಒತ್ತುತ್ತಿತ್ತು.

ಕುಮಟೆ ದಾಟಿ ಘಟ್ಟ ಹತ್ತುವಾಗ ರಸ್ತೆ ಕೆಲಸ. ಗಾಡಿಗಳ ಸಾಲು ನಿಂತಿತ್ತು. ನಿಂತು ನಿಂತು ಹೊರಡುವಷ್ಟರಲ್ಲಿ ಇಂಜಿನು ಕಾದು ಹೊಗೆ ಎದ್ದಿತು. ಹುಸೇನಸಾಬ ಬಾನೆಟ್ಟು ಎತ್ತಿದ, ನೀರು ಹೊಯ್ದ, ಬೈದ. ಆಮೇಲೆ "ಇಲ್ಲಿ ರೇಂಜ್ ಇಲ್ಲ, ಅತೀಕಗ ಒಂದು ಮಾತು ಹೇಳಿ ಬರ್ತೇನಿ" ಎಂದು ತಿರುವಿನಾಚೆ ಹೋದ. ಬಂದವನು ಟವೆಲಿನಿಂದ ಮುಖ ಒರೆಸಿಕೊಂಡ.

"ಏನಂದ? ಕಾಯ್ತಾರಂತ?"

"ಹೂಂ, ಹೂಂ. ನೀ ಸುಮ್ನ ಕುಂದ್ರು."

ಅಲ್ಲಿಂದ ಮುಂದೆ ಅವನು ಅವಸರ ಮಾಡಲಿಲ್ಲ. ಮೊದಲು ಲಾರಿಗಳನ್ನು ಹಿಂದೆ ಹಾಕಲು ಹಾರ್ನ್ ಒತ್ತುತ್ತಿದ್ದವನು ಈಗ ಒಂದು ಕಬ್ಬಿನ ಟ್ರ್ಯಾಕ್ಟರಿನ ಬಾಲ ಹಿಡಿದು ಸುಮ್ಮನೆ ಹೊರಟ. ದಣಿದಿದ್ದಾನೆ ಅಂದುಕೊಂಡಳು. ಹಾನಗಲ್ಲು ಬಂದಾಗ ಗಾಡಿ ನಿಲ್ಲಿಸಿ, ಎರಡು ಚಾ ಹೇಳಿದ.

"ಚಾ ಯಾರಿಗೆ ಬೇಕಾಗೈತ್ರೀ? ನಡೀರಿ ಮುಂದ!"

"ಮುಂಜಾನಿಯಿಂದ ಒಂದು ಗುಟುಕು ನೀರು ಕುಡದಿಲ್ಲ ನೀ. ಬಿದ್ದಿ ಅಂದ್ರ ನಾ ಏನು ಮಾಡ್ಲಿ?"

ಅವಳು ಕುಡಿಯಲಿಲ್ಲ. ಅವನು ತನ್ನದನ್ನು ಬಸಿಗೆ ಹೊಯ್ದು ಊದಿ ಊದಿ ಕುಡಿದ, ಆಮೇಲೆ ಅವಳದನ್ನೂ ಕುಡಿದ. ಇಷ್ಟು ನಿಧಾನ ಚಾ ಕುಡಿಯುವುದನ್ನು ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಬಂಕಾಪುರ ದಾಟಿ, ಎಲೆತೋಟಗಳು ಕಂಡು, ಗಾಡಿ ಓಣಿಯ ಬಾಯಿಗೆ ನಿಂತಾಗ ಮಸೀದಿಯಲ್ಲಿ ಅಸರ್ ಬಾಂಗು ಇನ್ನೂ ಆಗಿರಲಿಲ್ಲ. ಅವಳಿಗೆ ಜೀವ ಬಂದಂತಾಯಿತು. ಚಪ್ಪಲಿ ಗಾಡಿಯಲ್ಲೇ ಬಿಟ್ಟು ಓಡಿದಳು. ಪೆಂಡಾಲಿನ ಕೆಳಗೆ ಕುಳಿತ ಗಂಡಸರು ದಾರಿ ಬಿಟ್ಟರು. ಹಿತ್ತಲ ಬಾಗಿಲಲ್ಲಿ ಕಾಲು ತಣ್ಣಗಾಯಿತು. ಕೆಳಗೆ ನೋಡಿದಳು. ನೆಲವೆಲ್ಲ ಹಸಿ. ಬಾರಿ ಎಲೆಗಳು ಮೋರಿಯ ಬಾಯಿಗೆ ಅಂಟಿದ್ದವು. ಗೋಡೆಯ ಹತ್ತಿರ ತಾಮ್ರದ ತಂಬಿಗೆ ಬೋರಲು ಬಿದ್ದಿತ್ತು.

ಅತೀಕನ ಹೆಂಡತಿ ಸುಮೇರಾ ಬಂದು ತಬ್ಬಿಕೊಂಡಳು.

"ಕಾಯ್ತೇವಿ ಅಂದಿದ್ರಲ್ಲ..."

"ಕಾಯ್ತಿದ್ವಿ ಆಪಾ. ಹುಸೇನ ಭಾಯಿಜಾನರು ತಾವ ಫೋನ್ ಮಾಡಿ, ನಾವು ಹೊತ್ತಿಗೆ ಬಂದು ಮುಟ್ಟಂಗಿಲ್ಲ, ಮಯ್ಯತ್ ಕಾಯಿಸಬ್ಯಾಡ್ರಿ, ಜಳಕ ಮಾಡಿಸ್ರಿ ಅಂದ್ರಲ್ಲ. ನಿಮಗ ಗೊತ್ತಿಲ್ಲೇನು?"

ದಿಲ್ಶಾದ ಬಾಗಿ ತಂಬಿಗೆಯನ್ನು ಎತ್ತಿ ನೆಟ್ಟಗಿಟ್ಟಳು. "ಜಳಕ ಮಾಡಿಸುವಾಗ ಯಾರರ ಮಾತಾಡಿದ್ರೇನು, ಅವ್ವನ ಜೋಡಿ?"

ಸುಮೇರಾಗೆ ಅರ್ಥವಾಗಲಿಲ್ಲ. "ದುವಾ ಓದಿದ್ವಿ ಆಪಾ. ಎಲ್ಲಾ ಬರೋಬರಿ ಮಾಡೇವಿ."

ಎಲ್ಲವೂ ಬರೋಬರಿಯೇ ಆಗಿತ್ತು. ಬಿಳಿಯ ಕಫನಿನೊಳಗಿಂದ ಅವ್ವನ ಮುಖ ಮಾತ್ರ ಕಾಣುತ್ತಿತ್ತು, ಕರ್ಪೂರದ ವಾಸನೆ. ಮುಟ್ಟಲು ಕೈ ಚಾಚಿದವಳು ಹಿಂದೆಗೆದಳು. ಬೆರಳುಗಳು ಇನ್ನೂ ಉರಿಯುತ್ತಿದ್ದವು. ಕೊನೆಗೆ ಮುಂಗೈಯನ್ನು ಕೆನ್ನೆಗೆ ತಾಕಿಸಿದಳು. ಏನಾದರೂ ಹೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಬಾಂಗು ಆಯಿತು, ಗಂಡಸರು ಒಳಗೆ ಬಂದರು. ಹೆಗಲ ಮೇಲೆ ಅವ್ವ ಓಣಿ ದಾಟುವುದನ್ನು ಕಿಟಕಿಯಿಂದ ನೋಡಿದಳು. ಅದರಾಚೆ ಹೆಂಗಸರು ಹೋಗುವಂತಿರಲಿಲ್ಲ.

ಮಣ್ಣು ಕೊಟ್ಟು ಬಂದ ಹುಸೇನಸಾಬ ಹಿತ್ತಲಲ್ಲಿ ಅವಳನ್ನು ಕಂಡು ಹತ್ತಿರ ಕುಳಿತ. ಅವನ ಕಣ್ಣುಗಳೂ ಕೆಂಪಾಗಿದ್ದವು.

"ಘಟ್ಟದಾಗ ಗಾಡಿ ಹಂಗ ನಿಂತಿದ್ದು ನೋಡಿ ಹೊತ್ತಿಗೆ ಮುಟ್ಟಂಗಿಲ್ಲ ಅನಿಸ್ತು. ಹೆಣ ಕಾಯಿಸಿದ ಪಾಪ ನಮಗ್ಯಾಕ? ನಿನಗ ಹೇಳಿದ್ದರ ದಾರಿತುಂಬ ಅತ್ತಗೋತ ಬರ್ತಿದ್ದಿ. ನಿನ್ನ ಸಲುವಾಗಿನ ಮುಚ್ಚಿಟ್ಟೆ."

ಈಗ ಅವನು ಸುಳ್ಳು ಹೇಳುತ್ತಿರಲಿಲ್ಲ. ಜಗಳಕ್ಕೆ ಹಿಡಿಯಲು ಅವನ ಮಾತಿನಲ್ಲಿ ಏನೂ ಸಿಗಲಿಲ್ಲ.

"ನಾಡದು ಮೂರನೇ ದಿನದ ಜಿಯಾರತ್ ಮುಗಿಸಿ ಹೊಂಡೋಣು. ಮಿರ್ಚಿ ಗಾಡಿ ಬಂದ್ ಇಟ್ರ ಗಿರಾಕಿ ಬ್ಯಾರೆ ಕಡೆ ಹೊಳ್ಳತಾವ."

"ಹೂಂ," ಅಂದಳು.

ಅವನು ಎದ್ದು ಹೋದ ಮೇಲೆ ಸುಮೇರಾ ತಂಬಿಗೆ ತೋರಿಸಿ, "ಇನ್ನ ಇದನ್ನ ಯಾರು ಮುಟ್ಟತಾರ ಆಪಾ? ಮಸೀದಿಗೆ ಕೊಟ್ಟುಬಿಡೋಣ?" ಎಂದಳು.

"ಇರಲಿ."

ಹುಣಸೆಹಣ್ಣು ಹಚ್ಚಿ ತಂಬಿಗೆಯನ್ನು ತಿಕ್ಕಿದಳು. ಹುಳಿಗೆ ಬೆರಳಿನ ಉರಿ ಒಮ್ಮೆ ಹೆಚ್ಚಾಗಿ ಆಮೇಲೆ ಕಡಿಮೆಯಾಯಿತು. ತೊಳೆದು, ಒರೆಸಿ, ಅವ್ವ ಇಡುತ್ತಿದ್ದ ಗೂಡಿನಲ್ಲೇ ಕೈಗೆ ಸಿಗುವ ಹಾಗೆ ಇಟ್ಟಳು. ಓಣಿಯಲ್ಲಿ ಯಾರಾದರೂ ಮಯ್ಯತ್ತಿನ ಜಳಕಕ್ಕೆ ಕರೆಯಲು ಬಂದರೆ ಜನ್ನತಬಿಯ ಮಗಳು ಇಲ್ಲೇ ಇರುತ್ತಾಳೆ. ನಾಡಿದ್ದು ಗಾಡಿ ಹೊರಡುವಾಗ ಅವನಿಗೆ ಗೊತ್ತಾಗುತ್ತದೆ. ಮೆಣಸಿನಕಾಯಿ ಸೀಳಲು ಅಲ್ಲಿ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ.

ಒಳಗಿನಿಂದ ಅವನು ಕೂಗಿದ: "ದಿಲ್ಶಾದ, ಚಾ ಮಾಡ್ಯಾರ, ಬಾ."

"ಬಂದೆ ನಡೀರಿ," ಎಂದು ಕೈ ಒರೆಸಿಕೊಂಡಳು.