ಕಂಬದ ಕೆಳಗಿನ ಎರಡು ಅಡಿ

ಸೈಕಲ್ಲುಗಳು, ಎಷ್ಟೊಂದು ಸೈಕಲ್ಲುಗಳು, ಕಾರ್ಖಾನೆಯ ಪಾಳಿ ಬಿಟ್ಟಿರಬೇಕು, ಹ್ಯಾಂಡಲ್ಲಿಗೆ ಊಟದ ಡಬ್ಬಿ ತೂಗಿಸಿಕೊಂಡು ಹಳಿಯ ಪಕ್ಕದ ರಸ್ತೆಯಲ್ಲಿ ರೈಲಿನ ಜೊತೆಗೇ ಓಡುತ್ತಿವೆ, ಓಡಿ ಓಡಿ ಹಿಂದಾಗುತ್ತಿವೆ, ಚಿಂಚವಾಡವೂ ಹಿಂದಾಯಿತು — ನಾನು ಲೋಕಲ್ಲಿನಲ್ಲಿ ಕೂತು ಎಷ್ಟು ವರ್ಷವಾಯಿತೋ, ಎದುರಿನ ಹೆಂಗಸು ಮಡಿಲಲ್ಲಿ ಮೆಂತ್ಯದ ಕಟ್ಟು ಬಿಚ್ಚಿ ಎಲೆ ಬಿಡಿಸುತ್ತಿದ್ದಾಳೆ, ರೈಲುಡಬ್ಬಿಯ ತುಂಬ ಆ ಕಹಿ ಹಸಿರಿನ ವಾಸನೆ, ಕಾರು ಮನೆಯ ಮುಂದೇ ನಿಂತಿದೆ, ಡ್ರೈವರನಿಗೆ ಹೇಳಲಿಲ್ಲ, ಅಂಬಾಬಾಯಿಗೂ ಹೇಳಲಿಲ್ಲ, ಹದಿನಾರು ವರ್ಷ ಜೊತೆಗೆ ಬಾಳಿದ ಹೆಂಡತಿಗೆ ಹೇಳಲಾಗದ್ದೇನಿತ್ತು, ಹೊಳಬಸಪ್ಪನನ್ನು ನೋಡಿಬರುತ್ತೇನೆ ಅನ್ನುವ ಇಷ್ಟೇ ಮಾತು, ಆದರೆ ಹನ್ನೊಂದು ವರ್ಷದಿಂದ ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಂದಿಲ್ಲ. ಇವತ್ತು ನೋಡಿದೆ. ಕಟ್ಟುತ್ತಿರುವ ಕಾರ್ಖಾನೆಯ ಮುಂದೆ, ಕಬ್ಬಿಣದ ಸರಳುಗಳ ನಡುವೆ, ತಲೆಯ ಮೇಲೆ ಹಳದಿ ಟೋಪಿ ಇಟ್ಟುಕೊಂಡು ನಿಂತಿದ್ದ, ಕೂದಲು ಪೂರ್ತಿ ಬೆಳ್ಳಗೆ, ನನ್ನನ್ನು ನೋಡಿ ಬರ್ರಿ ವಕೀಲ ಸಾಹೇಬ್ರ ಅಂದ. ಬರ್ರಿ ಅಂದ. ನನಗೆ ರೀ ಹಚ್ಚಿ ಮಾತಾಡಿದ.

ಲೇ ಈರ್ಯಾ ಅನ್ನುತ್ತಿದ್ದ. ನನ್ನ ಹೆಸರು ಈರಣ್ಣ ಅನ್ನುವುದು ಅವನಿಗೆ ಮರೆತೇಹೋಗಿತ್ತೇನೋ, ಪುಣೆಯ ಸದಾಶಿವ ಪೇಠದ ಆ ವಾಡೆಯ ಹಿಂದಿನ ಕೋಣೆ, ಎಪ್ಪತ್ತನೇ ಇಸವಿ, ಇಬ್ಬರೂ ವಿಜಾಪುರದ ಕಡೆಯವರು, ಅವನು ನೀರಾವರಿ ಇಲಾಖೆಯಲ್ಲಿ ಹೊಸ ಇಂಜಿನಿಯರ್, ನಾನು ಒಬ್ಬ ಮುದುಕ ಮರಾಠಿ ವಕೀಲರ ಕೈಕೆಳಗೆ ಬಾಡಿಗೆಮನೆ ಜಗಳಗಳ ಕಾಗದ ಹೊರುವವನು, ನಾವಿಬ್ಬರೂ ಮಾತಿಗೆ ಕೂತರೆ ಮಾಳಿಗೆಯಿಂದ ಮನೆಯ ಒಡತಿ ಅಹೋ ಕಾನಡೀ, ಹಳೂ ಬೋಲಾ ಎಂದು ಕೂಗುತ್ತಿದ್ದಳು, ಮೆಲ್ಲಗೆ ಮಾತಾಡುವುದು ಅವನಿಗೆ ಬರುತ್ತಿರಲಿಲ್ಲ. ನಕಾಶೆಗಳನ್ನು ನೆಲದ ಮೇಲೆ ಹಾಸುತ್ತಿದ್ದ, ಸುರುಳಿ ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೂ ನನ್ನ ಕಾಯ್ದೆ ಪುಸ್ತಕ ಹೇರುತ್ತಿದ್ದ, ನಿನ್ನ ಪುಸ್ತಕಕ್ಕ ಇದೊಂದ ಉಪಯೋಗ ಅದ ನೋಡ್ಲೇ, ಇಲ್ಲೇ ಬಾ, ಕೂಡು, ಈ ಗೆರಿ ನೆಲ, ಇದರ ಕೆಳಗಿಂದೆಲ್ಲಾ ಯಾರಿಗೂ ಕಾಣೂದಿಲ್ಲ, ನಿಮ್ಮ ವಕೀಲರು ಮ್ಯಾಲಿಂದಷ್ಟ ನೋಡಿ ವಾದ ಮಾಡ್ತೀರಿ, ಕಟ್ಟಡ ಬೀಳೂದು ಕೆಳಗಿಂದ. ಹೀಗೆ ಕಲಿಸಿದ. ಕರಾರು ಓದುವುದನ್ನು ಕಾಲೇಜು ಕಲಿಸಿತು, ನೆಲದ ಕೆಳಗಿನದನ್ನು ಓದುವುದನ್ನು ಅವನು ಕಲಿಸಿದ. ಒಂದು ರವಿವಾರ ಸೈಟಿಗೆ ಕರೆದುಕೊಂಡು ಹೋಗಿ ಪಾಯದ ಗುಂಡಿಗೆ ಇಳಿಸಿದ, ಕೈಗೆ ಕಬ್ಬಿಣದ ಸಲಾಕೆ ಕೊಟ್ಟು ಬಡಿ ಅಂದ, ದಬ್ ಎಂದಿತು, ಇನ್ನೂ ಮಣ್ಣು ಅದ, ಇಲ್ಲಿ ಬಡಿ, ಠಣ್ ಎಂದಿತು, ಕೇಳ್ದೇನಲೇ, ಇದು ಕಲ್ಲು, ಇದರ ಮ್ಯಾಲೆ ಕಂಬ ನಿಂತ್ರ ನಿನ್ನ ಮೊಮ್ಮಕ್ಕಳ ಕಾಲಕ್ಕೂ ನಿಂತಿರ್ತದ. ಗುಂಡಿಯೊಳಗೆ ತಣ್ಣಗಿತ್ತು, ಅವನ ಮುಖದ ತುಂಬ ಕೆಸರು, ಹಲ್ಲು ಮಾತ್ರ ಬೆಳ್ಳಗೆ, ನಗುತ್ತಿದ್ದ, ಯಾಕೆ ಅಷ್ಟು ನಗುತ್ತಿದ್ದನೋ, ನಾವು ಯಾಕೆ ಅಷ್ಟು ನಗುತ್ತಿದ್ದೆವೋ.

ಪಿಂಪ್ರಿ. ಹತ್ತುವವರು, ನೂಕುವವರು, ಒಬ್ಬಾತ ಮಷೀನಿನ ಎಣ್ಣೆ ವಾಸನೆಯ ಅಂಗಿಯಲ್ಲಿ ನನ್ನ ಪಕ್ಕ ಕೂತು ಕೂಡಲೇ ಕಣ್ಣು ಮುಚ್ಚಿದ. ನನ್ನ ಮದುವೆಯಾದ ಮೇಲೂ ರವಿವಾರ ಅವನು ನಮ್ಮಲ್ಲೇ ಉಣ್ಣುತ್ತಿದ್ದ, ಅವನು ಮದುವೆಯಾಗಲಿಲ್ಲ, ವೈನೀ ನಿಮ್ಮಂಥಾ ರೊಟ್ಟಿ ಬಡಿಯೋರು ಸಿಕ್ಕಿಲ್ರಿ ಅನ್ನುತ್ತಿದ್ದ, ಅಂಬಾಬಾಯಿ ಮದುವಿ ಆಗೂದು ರೊಟ್ಟಿ ಕೂಡ ಅಲ್ಲ ಮಾರಾಯ್ರ ಎಂದು ನಗುತ್ತ ಇನ್ನೊಂದು ಹಾಕುತ್ತಿದ್ದಳು, ಬಿಸಿ ರೊಟ್ಟಿ, ಪುಂಡಿಪಲ್ಯೆ, ಹಸಿ ಉಳ್ಳಾಗಡ್ಡಿ. ಎಪ್ಪತ್ತೈದರ ಏಪ್ರಿಲ್ಲಿನ ಒಂದು ರವಿವಾರ ಅವನು ಉಣ್ಣಲಿಲ್ಲ. ತಾಟಿನ ಮುಂದೆ ಕೂತು ರೊಟ್ಟಿ ಚೂರು ಮಾಡುತ್ತಲೇ ಇದ್ದ. ಹಳ್ಳದ ಮೇಲೆ ಕಾಲುವೆ ದಾಟಿಸುವ ಸೇತುವೆ ಕಟ್ಟಿಸುತ್ತಿದ್ದ ಆಗ. ಮೂರನೇ ಕಂಬಕ್ಕ ಇನ್ನೂ ಎರಡು ಅಡಿ ಅಗೀಬೇಕಿತ್ತಲೇ, ಸಲಾಕಿಗೆ ಕಲ್ಲು ಹತ್ತಿರಲಿಲ್ಲ, ಸಾಹೇಬ್ರು ಜೀಪಿನ್ಯಾಗ ಬಂದ್ರು, ಮಳಿ ಬರೂದ್ರಾಗ ಕಂಬ ಎದ್ದಿರಬೇಕು, ಮ್ಯಾಲಿಂದ ಒತ್ತಡ ಅದ, ಇಲ್ಲಿಗೇ ಸಾಕು ಅಂದ್ರು, ಬರದು ಕೊಡ್ರಿ ಅಂತ ಕೇಳಲಿಕ್ಕೆ ನನಗ ಬಾಯಿ ಬರ್ಲಿಲ್ಲ, ಕಲ್ಲು ಹತ್ತೇದ ಅಂತ ಅಳತಿ ಪುಸ್ತಕದಾಗ ನಾನ ಬರದು ಸಹಿ ಮಾಡೀನಿ. ಇಷ್ಟು ಹೇಳಿ ತಲೆ ಎತ್ತಿದ. ನೀ ವಕೀಲ ಅಂತ ಹೇಳ್ಲಿಲ್ಲಲೇ ಈರ್ಯಾ, ಹೊಟ್ಟಿಯೊಳಗ ಇಟ್ಕೊಳ್ಳಿಕ್ಕೆ ಆಗಲಿಲ್ಲ. ಏನೂ ಆಗೂದಿಲ್ಲ ಉಣ್ಣು ಅಂದೆ ನಾನು. ಅಂದದ್ದು ನಾನೇ.

ಮಳೆಗಾಲ ಮುಗಿಯುವ ಹೊತ್ತಿಗೆ ಮೂರನೇ ಕಂಬ ಒಂದು ಬದಿಗೆ ಕುಸಿಯಿತು. ಯಾರೂ ಸಾಯಲಿಲ್ಲ, ಅದೊಂದು ಪುಣ್ಯ. ಇಲಾಖೆ ಗುತ್ತಿಗೆ ರದ್ದು ಮಾಡಿತು, ಕಾಂಕ್ರೀಟು ಕೆಟ್ಟದ್ದು, ಕೆಲಸ ಕಳಪೆ, ಇನ್ನು ಈ ಗುತ್ತಿಗೆದಾರನಿಗೆ ಎಲ್ಲಿಯೂ ಸರಕಾರಿ ಕೆಲಸ ಕೊಡಕೂಡದು ಎಂದು ಬರೆಯಿತು, ಗುತ್ತಿಗೆದಾರ ಅಪ್ಪಾಸಾಹೇಬ ನನ್ನ ಹತ್ತಿರ ಬಂದ, ಕನ್ನಡ ಮಂದಿಯ ವಕೀಲ ಅಂತ, ಅವನೊಬ್ಬನೇ ಬಂದಿದ್ದರೆ ಇಲ್ಲ ಅನ್ನುತ್ತಿದ್ದೆನೋ ಏನೋ, ಹಾಗೆಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಆದರೆ ಅವನ ಹಿಂದೆ ಜಟ್ಟೆಪ್ಪ ನಿಂತಿದ್ದ, ಕೂಲಿಯವರ ಮುಕಾದಮ, ಕಲಬುರ್ಗಿ ಕಡೆಯ ಮೂವತ್ತು ಮನೆಗಳನ್ನು ಕೆಲಸಕ್ಕೆ ಕರೆತಂದವನು. ಸಾಹೇಬ್ರ, ಕಾಂಕ್ರೀಟು ಕಲಸಿದ್ದು ನಮ್ಮ ಹೆಣ್ಮಕ್ಕಳು, ಅವರು ಉಸುಕು ಹೆಚ್ಚಿಗಿ ಹಾಕ್ಯಾರ ಅಂತ ಬರದಾರಂತ್ರಿ, ಪೊಲೀಸರು ಬಂದು ಕೇಳ್ಕೊಂಡು ಹೋದ್ರು, ಕಲ್ಲು ಹತ್ತಿರಲಿಲ್ರಿ, ಇಂಜಿನಿಯರ್ ಸಾಹೇಬ್ರು ಸಾಕು ಅಂದ್ರು, ನಾವು ನಿಲ್ಸಿದ್ವಿ, ನಮ್ಮ ಮಾತು ಯಾರು ಕೇಳ್ತಾರ್ರಿ. ಯಾರೂ ಕೇಳುವುದಿಲ್ಲ, ನಿಜ, ಪುಸ್ತಕದಲ್ಲಿ ಕಲ್ಲು ಹತ್ತಿದೆ ಎಂದಿರುವಾಗ ಹೆಬ್ಬೆಟ್ಟಿನ ಜಟ್ಟೆಪ್ಪನ ಮಾತು ಯಾರು ಕೇಳುತ್ತಾರೆ, ಅವನು ನಿಜ ಹೇಳುತ್ತಿದ್ದಾನೆಂದು ಇಡೀ ಪುಣೆಯಲ್ಲಿ ಗೊತ್ತಿದ್ದವನು ನಾನೊಬ್ಬ, ನನ್ನ ಮನೆಯಲ್ಲಿ ರೊಟ್ಟಿ ಚೂರು ಮಾಡುತ್ತ ಕೂತವನೊಬ್ಬ. ಮೊದಲು ಅವನ ಹತ್ತಿರ ಹೋಗಬಹುದಿತ್ತು. ಹೋಗಿ, ನೀನಾಗಿಯೇ ಹೇಳಿಬಿಡು ಅನ್ನಬಹುದಿತ್ತು. ಹೋಗಲಿಲ್ಲ. ಹೋದರೆ ಅವನು ಎಚ್ಚರವಾಗುತ್ತಾನೆ ಎಂದುಕೊಂಡೆ — ಇದನ್ನು ಜಟ್ಟೆಪ್ಪನ ಸಲುವಾಗಿ ಎಂದುಕೊಂಡೆನೋ ಗೆಲ್ಲುವ ಸಲುವಾಗಿಯೋ, ಹನ್ನೊಂದು ವರ್ಷ ಇದೊಂದೇ ಪಾಟೀಸವಾಲು, ನನ್ನದು ನನಗೆ, ಉತ್ತರ ಹೇಳದ ಸಾಕ್ಷಿ ನಾನೇ.

ಕಾಸರವಾಡಿ ಯಾವಾಗ ಹೋಯಿತು, ನೋಡಲೇ ಇಲ್ಲ. ಸರಕಾರಿ ವಿಶ್ರಾಂತಿಗೃಹದ ದೊಡ್ಡ ಕೋಣೆಯಲ್ಲಿ ಅಪ್ಪಾಸಾಹೇಬನ ಕೇಸಿನ ವಿಚಾರಣೆ, ಎಪ್ಪತ್ತಾರರ ಫೆಬ್ರುವರಿ, ಮಧ್ಯಸ್ಥರಾಗಿ ಕೂತವರು ನಿವೃತ್ತ ನ್ಯಾಯಾಧೀಶರು, ಎದುರಿಗೆ ಸಾಕ್ಷಿಯ ಕುರ್ಚಿಯಲ್ಲಿ ಇಲಾಖೆಯ ಪರವಾಗಿ ಹೊಳಬಸಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಆ ಅಂಗಿಯ ಬಟ್ಟೆಯನ್ನು ದೀಪಾವಳಿಗೆ ಅಂಬಾಬಾಯಿಯೇ ಕೊಟ್ಟದ್ದು. ಬರುವಾಗ ವರಾಂಡದಲ್ಲಿ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಿದ್ದ, ಸುಲಭದ ಪ್ರಶ್ನೆ ಕೇಳು ಲೇ ಈರ್ಯಾ ಅನ್ನುವ ಹಾಗೆ. ನಾನು ಎದ್ದೆ. ಮೂರನೇ ಕಂಬದ ಪಾಯ ಕಲ್ಲಿಗೆ ಎರಡು ಅಡಿ ಮೇಲೆಯೇ ನಿಂತಿತು, ಜೀಪಿನಲ್ಲಿ ಬಂದ ನಿಮ್ಮ ಮೇಲಧಿಕಾರಿ ಬಾಯಿಮಾತಿನಲ್ಲಿ ಸಾಕು ಅಂದರು, ಹೌದೋ ಅಲ್ಲವೋ. ಜೀಪು ಅಂದ ಕೂಡಲೇ ಅವನ ಮುಖ — ಇಲಾಖೆಯ ವಕೀಲ ಎದ್ದು ಏನೋ ಕೂಗುತ್ತಿದ್ದ, ನ್ಯಾಯಾಧೀಶರು ಕೈ ಎತ್ತಿದರು, ಹೊಳಬಸಪ್ಪ ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದ. ಇಲ್ಲ ಅನ್ನಬಹುದಿತ್ತು. ಇಲ್ಲ ಅಂದಿದ್ದರೆ ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ, ಒಂದು ಕಾಗದದ ಚೂರೂ ಇರಲಿಲ್ಲ, ಅದು ಅವನಿಗೆ ಗೊತ್ತಿತ್ತು, ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹೌದ್ರಿ ಅಂದ. ಹಾಗಾದರೆ ಕಲ್ಲು ಹತ್ತಿದೆ ಎಂದು ಬರೆದವರು ಯಾರು? ನಾನ ಬರದೀನ್ರಿ, ಸಹಿ ನಂದ ಅದರಿ. ಅಷ್ಟೇ. ಮುಂದೆ ಕೇಳುವುದು ಏನೂ ಉಳಿಯಲಿಲ್ಲ, ಕೂತೆ.

ದಾಪೋಡಿ, ಹೊಳೆ, ಸೇತುವೆಯ ಮೇಲೆ ರೈಲಿನ ಸದ್ದು ಬೇರೆಯಾಗುತ್ತದೆ, ಕೆಳಗೆ ಎಮ್ಮೆಗಳು, ಕಂಬಗಳ ಬುಡದಲ್ಲಿ ಹಸಿರು ಪಾಚಿ. ಗುತ್ತಿಗೆ ರದ್ದು ಮಾಡಿದ್ದು ತಪ್ಪು ಎಂದು ತೀರ್ಪಾಯಿತು, ಅಪ್ಪಾಸಾಹೇಬ ಪೇಢೆಯ ಬುಟ್ಟಿ ತಂದ, ಜಟ್ಟೆಪ್ಪ ಹೊಸಿಲ ಹೊರಗೇ ನಿಂತು ನಮ್ಮ ಹೆಣ್ಮಕ್ಕಳ ಹೆಸರು ಉಳಿಸಿದ್ರಿ ಸಾಹೇಬ್ರ ಎಂದು ಅತ್ತ, ನಿಜವಾಗಿ ಅತ್ತ, ಅದು ಸುಳ್ಳಲ್ಲ. ಜೀಪಿನ ಸಾಹೇಬರು ನಾನು ಹಾಗೆ ಹೇಳೇ ಇಲ್ಲ ಅಂದರು, ಅವರಿಗೆ ಬಡ್ತಿಯಾಯಿತು. ಹೊಳಬಸಪ್ಪನನ್ನು ಅಮಾನತು ಮಾಡಿದರು, ಎರಡು ವರ್ಷ ವಿಚಾರಣೆ, ಆಮೇಲೆ ಅವನೇ ರಾಜೀನಾಮೆ ಬರೆದುಕೊಟ್ಟನಂತೆ. ಅಂಬಾಬಾಯಿ ಒಂದೇ ಮಾತು ಅಂದಳು, ಉಣ್ಣೋ ಮುಂದ ಹೇಳಿದ ಮಾತಲ್ಲೇನ್ರೀ ಅದು. ನನಗೆ ಹೆಸರು ಬಂತು. ಅಣೆಕಟ್ಟು, ಕಾಲುವೆ, ಆಸ್ಪತ್ರೆ, ಮುಂಬಯಿಯಿಂದ ಕರೆ ಬರುತ್ತಿತ್ತು, ನೆಲದ ಕೆಳಗಿನದನ್ನು ನೋಡುವ ವಕೀಲ ಅನ್ನುತ್ತಿದ್ದರು, ಒಂದೊಂದು ನಕಾಶೆ ಮೇಜಿನ ಮೇಲೆ ಹಾಸಿದಾಗಲೂ ಪಕ್ಕದಲ್ಲಿ ಯಾರೋ ಮೊಣಕಾಲೂರಿ ಕೂರುತ್ತಾರೆ ಎಂದು ಜಾಗ ಬಿಡುತ್ತಿದ್ದೆ, ಕೈ ತಾನಾಗಿಯೇ ಬಿಡುತ್ತಿತ್ತು. ಒಂದು ಸಲ ಸ್ವಾರಗೇಟಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡ, ಪೇರಲ ಹಣ್ಣು ಒತ್ತಿ ಒತ್ತಿ ನೋಡುತ್ತಿದ್ದ, ಹತ್ತು ಹೆಜ್ಜೆಯಷ್ಟೇ, ನಾನು ಸೊಲ್ಲಾಪುರದ ಬಸ್ಸಿನ ಹಿಂದೆ ಸರಿದು ನಿಂತೆ. ಎದುರು ಪಕ್ಷದ ವಕೀಲರು ಹತ್ತು ಜನ ಎದ್ದು ನಿಂತರೂ ಹೆದರದವನು ನಾನು.

ಹೋದ ವಾರ ಹೊಸ ಕೇಸಿನ ಕಾಗದ ಬಂತು, ಒಂದು ಕಾರ್ಖಾನೆಯವರದು, ತಮ್ಮ ಕಟ್ಟಡ ಕಟ್ಟುತ್ತಿರುವ ಕಂಪನಿಯ ಮೇಲೆ, ಎದುರು ಪಕ್ಷದ ಸಾಕ್ಷಿಗಳ ಪಟ್ಟಿಯಲ್ಲಿ ಎರಡನೆಯ ಹೆಸರು ಅವನದು, ಸೈಟ್ ಸೂಪರ್‌ವೈಸರ್. ಅವತ್ತೇ ಕೇಸು ವಾಪಸು ಕೊಟ್ಟೆ. ಅದನ್ನು ಹೇಳಲಿಕ್ಕೆ ಹೋದದ್ದು ಇವತ್ತು, ಅದೊಂದು ನೆವ. ತಗಡಿನ ಶೆಡ್ಡಿನಲ್ಲಿ ಕುರ್ಚಿ ಒರೆಸಿ ಕೊಟ್ಟ, ಕಪ್ಪು-ಬಸಿಯಲ್ಲಿ ಚಹಾ ತರಿಸಿದ, ವೈನಿ ಆರಾಮ ಅದಾರಲ್ರಿ ಅಂದ, ಅದಾಳ ಅಂದೆ, ಆ ಕೇಸು ನಾನು ಬಿಟ್ಟೆ ಹೊಳಬಸಪ್ಪ, ನಿನ್ನನ್ನ ಇನ್ನೊಮ್ಮೆ ಆ ಕುರ್ಚ್ಯಾಗ ಕೂಡಿಸಿ ಕೇಳೂದು ನನ್ನಿಂದ ಆಗೂದಿಲ್ಲ. ಅವನು ಚಹಾ ಬಸಿಗೆ ಸುರುವಿ ಊದಿದ. ಯಾಕ ಬಿಟ್ರಿ, ಬಿಡಬಾರದಿತ್ರಿ, ಬ್ಯಾರೇ ವಕೀಲ್ರು ಸುತ್ತಿ ಬಳಸಿ ಕೇಳ್ತಾರ, ಖರೇ ಹೇಳಲಿಕ್ಕೆ ಜಾಗಾನ ಕೊಡೂದಿಲ್ಲ, ನೀವು ನೆಟ್ಟಗ ಕೇಳ್ತಿದ್ರಿ. ಸಿಟ್ಟಿನಿಂದ ಅಂದನೇ, ಇಲ್ಲ, ಸಿಟ್ಟು ಇರಲಿಲ್ಲ, ಹುಡುಕಿದೆ, ಇದ್ದಿದ್ದರೆ ಎಷ್ಟು ಚಲೋ ಇತ್ತು. ಅವತ್ತು ಮೊದಲು ನಿನ್ನ ಹತ್ರ ಬಂದು ಹೇಳಬೇಕಿತ್ತು ನಾನು, ಅಂದೆ. ಹೌದ್ರಿ, ಬರಬೇಕಿತ್ತು, ಅಂದ. ಬಂದಿದ್ರ ಇಬ್ರೂ ಕೂಡೇ ಹೋಗ್ತಿದ್ವಿ, ನಾನ ಹೇಳ್ತಿದ್ದೆ. ಅಷ್ಟೇ ಅಂದ, ಕಪ್ಪಿನ ತಳ ನೋಡಿದ.

ಖಡಕಿ. ಎಣ್ಣೆ ವಾಸನೆಯವನು ಇಳಿದ, ಬಿಸಿಲು ಓರೆಯಾಗಿ ಸೀಟಿನ ಮೇಲೆ ಬಿತ್ತು. ಹೊಳಬಸಪ್ಪ ಗೇಟಿನ ತನಕ ಕಳಿಸಲು ಬಂದ, ಹಲಗೆಗಳ ಮೇಲೆ, ಸರಳುಗಳ ನಡುವೆ, ನೋಡ್ಕೊಂಡು ನಡೀರಿ ಅನ್ನುತ್ತ, ಗೇಟಿನ ಹತ್ತಿರ ನನ್ನ ಕಾಲು ಕಲ್ಲಿಗೆ ಎಡವಿತು, ಮುಗ್ಗರಿಸಿದೆ, ಆಗ ಸಿಮೆಂಟು ಮೆತ್ತಿದ ಅವನ ಕೈ ಮೇಲೆದ್ದಿತು, ಹೆಗಲು ಹಿಡಿಯಲಿಕ್ಕೆ, ಬಾಯಿ ತೆರೆದಿತ್ತು, ನಾಲಗೆ ಮೇಲಕ್ಕೆ ಹೋಗಿತ್ತು, ಲೇ ಅನ್ನಲಿಕ್ಕೆ ಹೋಗುವ ಹಾಗೆ, ನಾನು ಕಂಡೆ, ಕಂಡದ್ದು ಸುಳ್ಳಲ್ಲ — ಕೈ ಅಲ್ಲೇ ನಿಂತಿತು. ಹೆಗಲಿಗೆ ನಾಲ್ಕು ಬೆರಳು ದೂರ. ಆಮೇಲೆ ಆ ಕೈ ಟೋಪಿ ಸರಿಮಾಡಿಕೊಂಡಿತು, ಹುಷಾರ್ರಿ ಅಂದ. ಶಿವಾಜಿನಗರ ಬಂತು, ಮೆಂತ್ಯದ ಹೆಂಗಸು ಕಡ್ಡಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಏಳುತ್ತಿದ್ದಾಳೆ, ನಾನೂ ಇಳಿಯಬೇಕು, ಅಂಗಿಯ ಹೆಗಲು ನೋಡಿಕೊಳ್ಳುತ್ತೇನೆ, ಮತ್ತೆ ನೋಡಿಕೊಳ್ಳುತ್ತೇನೆ, ಸಿಮೆಂಟಿನ ಕಲೆ ಎಲ್ಲಿಯೂ ಇಲ್ಲ, ಆ ಕೈ ಇನ್ನೂ ಅಲ್ಲೇ ಇದೆ, ಬೂದು ಸಿಮೆಂಟು ಒಣಗಿದ ಐದು ಬೆರಳು, ಹೆಗಲಿಗೆ ನಾಲ್ಕು ಬೆರಳು ದೂರದಲ್ಲಿ, ಅಲ್ಲೇ